ಎರಡು ಗಂಟೆಯ ಸಿನಿಮಾ, ಒಂದೇ ಒಂದು ಫೋಟೋ

[ಪರದೆಯ ಮೇಲೆ: ಹಳೇ ಥಿಯೇಟರಿನ ಕಪ್ಪು-ಬಿಳುಪು ಫೋಟೋ. ಐದು ಸೆಕೆಂಡ್ ಮಾತಿಲ್ಲ.]

ನಮಸ್ಕಾರ. ಈ ಫೋಟೋ ಸರಿಯಾಗಿ ನೋಡಿ. ಖಾಲಿ ಸೀಟುಗಳು, ಗೋಡೆ, ನಡುವೆ ಬೆಳ್ಳಗೆ ಹೊಳೆಯುವ ಪರದೆ. ಶೋ ಇನ್ನೂ ಶುರುವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಇಡೀ ಸಿನಿಮಾ ಮುಗಿದೇ ಹೋಗಿದೆ. ಆ ಬಿಳಿಯೇ ಸಿನಿಮಾ!

ಇದು ಜಪಾನಿನ ಹಿರೋಶಿ ಸುಗಿಮೊಟೊ ಅವರ ಕೆಲಸ. 1970ರ ದಶಕದಲ್ಲಿ ಅವರು ನ್ಯೂಯಾರ್ಕಿನ ಒಂದು ಅಗ್ಗದ ಥಿಯೇಟರಿಗೆ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಹೋದರು. ಸಿನಿಮಾ ಶುರುವಾದಾಗ ಕ್ಯಾಮೆರಾದ ಶಟರ್ ತೆರೆದರು. ಮುಗಿದಾಗ ಮುಚ್ಚಿದರು.

ಸ್ವಲ್ಪ ಲೆಕ್ಕ ಹಾಕೋಣ. ಸೆಕೆಂಡಿಗೆ 24 ಫ್ರೇಮ್ ಅಂದರೆ ಎರಡು ಗಂಟೆಗೆ 1,72,800. ಹೀರೋ, ವಿಲನ್, ಜಗಳ, ಅಳು ಎಲ್ಲವೂ ಒಂದೇ ನೆಗೆಟಿವ್ ಮೇಲೆ ಒಂದರ ಮೇಲೊಂದು ಬಿದ್ದು ಬರೀ ಬೆಳಕಾಗಿವೆ. ಓಡಾಡಿದವರೆಲ್ಲ ಮಾಯ. ಕದಲದ ಸೀಟು, ಗೋಡೆ ಮಾತ್ರ ಉಳಿದವು. ಆ ಗೋಡೆ ನಮಗೆ ಕಾಣುತ್ತಿರುವುದೂ ಅದೇ ಸಿನಿಮಾದ ಬೆಳಕಿನಲ್ಲಿ. ಟಿಕೆಟ್ ಕೊಟ್ಟು ಗೋಡೆ ನೋಡಿದ ಪುಣ್ಯಾತ್ಮ!

[ಕಟ್: ಕಪ್ಪು ಪರದೆ. ಹಕ್ಕಿಗಳ ಸದ್ದು.]

ಈಗ ಉಲ್ಟಾ ಬರೋಣ. 1962ರಲ್ಲಿ ಫ್ರಾನ್ಸಿನ ಕ್ರಿಸ್ ಮಾರ್ಕರ್ 28 ನಿಮಿಷದ 'ಲಾ ಜೆತೆ' ಎಂಬ ಸಿನಿಮಾ ಮಾಡಿದರು. ಹೆಚ್ಚುಕಡಿಮೆ ಪೂರ್ತಿ ಫೋಟೋಗಳೇ, ಹಿಂದೆ ಒಬ್ಬನ ದನಿ. ಟೈಟಲ್ಲಿನಲ್ಲೇ ಇದನ್ನು 'ಫೋಟೋ ಕಾದಂಬರಿ' ಅಂತ ಕರೆದರು. ಒಂದು ಕಡೆ ಹೆಣ್ಣೊಬ್ಬಳು ಮಲಗಿದ್ದಾಳೆ. ಒಂದು ಫೋಟೋ ಕರಗಿ ಇನ್ನೊಂದಾಗುತ್ತದೆ. ಹಕ್ಕಿಗಳ ಸದ್ದು ಏರುತ್ತದೆ. ಇದ್ದಕ್ಕಿದ್ದಂತೆ ಅವಳು ಕಣ್ಣು ಬಿಟ್ಟು ರೆಪ್ಪೆ ಬಡಿಯುತ್ತಾಳೆ. ಇಡೀ ಸಿನಿಮಾದಲ್ಲಿ ನಿಜವಾಗಿ ಅಲುಗುವ ಶಾಟ್ ಇದೊಂದೇ. ಕೆಲವೇ ಸೆಕೆಂಡ್. ಕಾರ್ ಚೇಸ್ ನೋಡಿ ಆಕಳಿಸುವ ನಾನು ಇಲ್ಲಿ ಬೆಚ್ಚಿಬಿದ್ದೆ.

ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಅಂತೂ 1964ರಲ್ಲಿ ತೆಗೆದ ಸಿನಿಮಾದಲ್ಲಿ ಒಂದು ಕಟ್ಟಡವನ್ನೇ ಎಂಟು ಗಂಟೆ ತೋರಿಸಿದರು. ಪೂರ್ತಿ ನೋಡುವ ತಾಳ್ಮೆ ನನಗಿಲ್ಲ, ಸುಳ್ಳು ಹೇಳಲ್ಲ. ಆದರೆ ಇವರೆಲ್ಲ ಆಟವಾಡಿದ್ದು ಹೊತ್ತಿನ ಜೊತೆಗೇ. ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡಬೇಕು? ಸಿನಿಮಾದಲ್ಲಿ ಅದನ್ನು ಎಡಿಟರ್ ಹೇಳುತ್ತಾನೆ. ಫೋಟೋ ಮುಂದೆ ನಮ್ಮಿಷ್ಟ.

[ಪರದೆಯ ಮೇಲೆ: ಮುಖವಾಡ ತೊಟ್ಟ ಹೆಣ್ಣು]

ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಕಲಿತದ್ದು ಶಿಲ್ಪಕಲೆ. 1990ರ ದಶಕದಲ್ಲಿ ಅವರು ಮುಂಬೈಯಲ್ಲಿ 'ಫ್ಯಾಂಟಮ್ ಲೇಡಿ' ಎಂಬ ಫೋಟೋ ಸರಣಿ ಮಾಡಿದರು. ಹಳೇ ಹಿಂದಿ ಸಿನಿಮಾಗಳಲ್ಲಿ ಚಾಟಿ ಹಿಡಿದು ಕುದುರೆ ಏರುತ್ತಿದ್ದ ಸ್ಟಂಟ್ ನಟಿ ಫಿಯರ್‌ಲೆಸ್ ನಾಡಿಯಾ ಇದಕ್ಕೆ ಸ್ಫೂರ್ತಿ. ಮುಖವಾಡದ ನಾಯಕಿಯೂ ಅವರೇ, ಅವಳು ಹುಡುಕುವ ಅವಳಿ ತಂಗಿಯೂ ಅವರೇ. ನಮ್ಮ ಡಬಲ್ ಆ್ಯಕ್ಟಿಂಗ್! ನೋಡಿದರೆ ಯಾವುದೋ ಹಳೇ ಸಿನಿಮಾದ ಸ್ಟಿಲ್‌ಗಳು ಅನ್ನಿಸುತ್ತವೆ. ಆದರೆ ಅಂಥ ಸಿನಿಮಾನೇ ಇಲ್ಲ. ಫೋಟೋಗಳು ಗೋಡೆಯ ಮೇಲೆ ಸಾಲಾಗಿ ತೂಗುತ್ತವೆ. ಮುಂದಿನ ಶಾಟ್ ಬೇಕಾದರೆ ನಾವೇ ಒಂದು ಹೆಜ್ಜೆ ಇಡಬೇಕು. ಇಂಟರ್‌ವಲ್ ಬೇಕಾದರೆ ಸುಮ್ನೆ ನಿಂತರಾಯಿತು.