ನಡುರಸ್ತೆಯ ನಿಲ್ದಾಣಕ್ಕೆ ನಡೆದು ಹೋಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದಲ್ಲಿ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ ವ್ಯವಸ್ಥೆ) ಎಂದು ಬಾಯಿ ಬಿಟ್ಟರೆ ಸಾಕು, ಮಾತು ಬಸ್ಸಿನ ಮೀಸಲು ಪಥದ ಮೇಲೆ ಹೋಗಿ ನಿಲ್ಲುತ್ತದೆ. ಪಥ ಉಳಿಯಬೇಕೋ ಹೋಗಬೇಕೋ, ಕಂಬಿ ಕಿತ್ತು ಕಾರು-ಬೈಕುಗಳಿಗೂ ಬಿಡಬೇಕೋ ಬೇಡವೋ ಎಂದು ವರ್ಷಗಳಿಂದ ವಾದ ನಡೆದಿದೆ. ಧಾರವಾಡದಲ್ಲಿ ಜನ ಬೀದಿಗಿಳಿದು ಪ್ರತಿಭಟಿಸಿದ್ದೂ ಇದೆ. ಇಷ್ಟೆಲ್ಲ ವಾದಗಳಲ್ಲಿ ಹೆಚ್ಚಾಗಿ ಕೇಳಿಬರುವುದು ವಾಹನ ಓಡಿಸುವವರ ದನಿ. ಬಡಾವಣೆಯ ಮನೆಯಿಂದ ಹೊರಟು ನಿಲ್ದಾಣದೊಳಗೆ ಕಾಲಿಡುವ ಪ್ರಯಾಣಿಕನ ಕಡೆಯ ಹದಿನೈದು ಮೀಟರ್ ನಡಿಗೆಯನ್ನು ಯಾರೂ ಕೇಳುವುದಿಲ್ಲ. ಇವತ್ತಿನ ಮಾತು ಆ ನಡಿಗೆಯದು.

ಮೊದಲು ಹಿನ್ನೆಲೆ, ಬೇಗ ಹೇಳಿ ಮುಗಿಸುತ್ತೇನೆ. ಅವಳಿ ನಗರಗಳ ನಡುವಿನ ಸುಮಾರು 22 ಕಿ.ಮೀ. ಮಾರ್ಗದಲ್ಲಿ ಈ ವ್ಯವಸ್ಥೆಯ ‘ಚಿಗರಿ’ ಎಂಬ ಹವಾನಿಯಂತ್ರಿತ ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದ್ದು 2018ರ ಅಕ್ಟೋಬರ್‌ನಲ್ಲಿ. 2020ರ ಫೆಬ್ರುವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಇದನ್ನು ಅಧಿಕೃತವಾಗಿ ಉದ್ಘಾಟಿಸಿದರು. ಯೋಜನೆಗೆ ವಿಶ್ವ ಬ್ಯಾಂಕಿನ ನೆರವಿತ್ತು. ಬಸ್ಸು ಓಡಿಸುವ ಹೊಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ನಿಲ್ದಾಣಗಳು ರಸ್ತೆಯ ನಡುವೆ ಇವೆ. ಟಿಕೆಟನ್ನು ಅಲ್ಲೇ ಕೊಂಡು ಗೇಟು ದಾಟಿ ನಿಂತರೆ, ಬಸ್ಸಿನ ಬಾಗಿಲು ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ತೆರೆಯುತ್ತದೆ. ಮೆಟ್ಟಿಲು ಹತ್ತಬೇಕಿಲ್ಲ, ಕಂಡಕ್ಟರ್ ಬರಲಿ ಎಂದು ಕಾಯಬೇಕಿಲ್ಲ. ಮೊಣಕಾಲು ನೋವಿನವರಿಗೆ ಇದು ಎಷ್ಟು ದೊಡ್ಡ ಉಪಕಾರ ಎಂಬುದು ಅವರನ್ನು ಹಳೆಯ ಬಸ್ಸಿಗೆ ಹತ್ತಿಸಿದವರಿಗೆ ಗೊತ್ತಿರುತ್ತದೆ.

ನವನಗರದ ನಿಲ್ದಾಣವನ್ನೇ ತೆಗೆದುಕೊಳ್ಳಿ. ಆ ಬಡಾವಣೆಯಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ, ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ, ಪಕ್ಕದ ಅಮರಗೋಳದಲ್ಲಿ ಎಪಿಎಂಸಿ ಇದೆ. ಹಾಗಾಗಿ ಇಲ್ಲಿ ಇಳಿಯುವವರಲ್ಲಿ ವಿದ್ಯಾರ್ಥಿಗಳಿರುವಂತೆ ಎಕ್ಸ್‌ರೇ ಲಕೋಟೆ ಹಿಡಿದ ರೋಗಿಗಳೂ ಅವರ ಕೈ ಹಿಡಿದು ಬಂದ ಸಂಬಂಧಿಕರೂ ಇರುತ್ತಾರೆ. ಇಂಥವರು ತಣ್ಣನೆಯ ಬಸ್ಸಿನಿಂದ ಇಳಿದು ನಿಲ್ದಾಣದ ತುದಿಗೆ ಬಂದರೆ ಎದುರಿಗೆ ಎರಡು ಅಪಾಯಗಳಿವೆ. ಮೊದಲನೆಯದು ಬಸ್ ಪಥವೇ. ನಿಲ್ದಾಣದ ಬಳಿ ನಿಂತ ಬಸ್ಸನ್ನು ಇನ್ನೊಂದು ಬಸ್ಸು ದಾಟಿ ಹೋಗಲು ಜಾಗವಿದೆ, ಎಕ್ಸ್‌ಪ್ರೆಸ್ ಬಸ್ಸುಗಳಿಗೆ ಅದು ಬೇಕೇ ಬೇಕು. ಆದರೆ ನಿಂತ ಬಸ್ಸನ್ನು ನೋಡಿ ದಾರಿ ಖಾಲಿಯೆಂದು ನಂಬಿ ಹೆಜ್ಜೆಯಿಟ್ಟವನಿಗೆ ಅದರ ಮರೆಯಲ್ಲಿ ಬರುವ ಇನ್ನೊಂದು ಬಸ್ಸು ಕಾಣುವುದಿಲ್ಲ, ಅದರ ಸದ್ದೂ ಸಂಚಾರದ ಗದ್ದಲದಲ್ಲಿ ಕೇಳಿಸುವುದಿಲ್ಲ. ಎರಡನೆಯದು ಆಚೆಗಿನ ಮಿಶ್ರ ಪಥ. ಅಲ್ಲಿ ಲಾರಿ, ಟಂಟಂ, ಬೈಕು ಯಾವುದೂ ಜೀಬ್ರಾ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬರು ಕೈ ಎತ್ತಿ ಮುಂದೆ ಹೆಜ್ಜೆಯಿಡುತ್ತಾರೆ, ಹಿಂದಿನವರೆಲ್ಲ ಅವರ ಬೆನ್ನಿಗಂಟಿಕೊಂಡು ದಾಟುತ್ತಾರೆ. ಒಂಟಿಯಾಗಿ ಬಂದವರು ಇನ್ನೊಬ್ಬರು ಬರುವ ತನಕ ನಿಂತಿರುತ್ತಾರೆ.

ಇಲ್ಲಿ ಯೋಜನೆಯ ಪರವಾಗಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ನಿಲ್ದಾಣವನ್ನು ನಡುರಸ್ತೆಯಲ್ಲಿ ಕಟ್ಟಿದ್ದೇ ಮೂಲ ತಪ್ಪು ಎಂಬ ಟೀಕೆ ಲೆಕ್ಕಕ್ಕೆ ನಿಲ್ಲುವುದಿಲ್ಲ. ಹಿಂದೆ ನಿಲುಗಡೆಗಳು ರಸ್ತೆಯ ಎರಡೂ ಅಂಚಿನಲ್ಲಿದ್ದಾಗ, ಹೋಗುವಾಗಲೋ ಬರುವಾಗಲೋ ಒಂದು ಸಲ ಇಡೀ ರಸ್ತೆಯನ್ನು ದಾಟಲೇಬೇಕಿತ್ತು. ಈಗ ಹೋಗುವಾಗ ಅರ್ಧ, ಬರುವಾಗ ಅರ್ಧ. ಒಟ್ಟು ದೂರ ಅಷ್ಟೇ. ಬದಲಾದದ್ದು ದಾಟುವ ಪರಿಸ್ಥಿತಿ. ರಸ್ತೆ ಅಗಲವಾಗಿ, ನೇರವಾಗಿ, ಎಡಗಡೆ ಗಕ್ಕನೆ ನಿಲ್ಲುವ ಬಸ್ಸುಗಳೂ ಕಡಿಮೆಯಾದ ಮೇಲೆ ಉಳಿದ ವಾಹನಗಳ ವೇಗ ಸಹಜವಾಗಿಯೇ ಏರುತ್ತದೆ. ಆ ವೇಗಕ್ಕೆ ತಕ್ಕಂತೆ ದಾಟುದಾರಿಯನ್ನು ಭದ್ರಪಡಿಸಬೇಕಿತ್ತು. ಬಸ್ಸಿಗೆ, ಗೇಟಿಗೆ, ಗಾಜಿನ ಬಾಗಿಲಿಗೆ ಸಿಕ್ಕ ಗಮನದ ಕಾಲುಭಾಗವೂ ಈ ಬಿಳಿ ಪಟ್ಟಿಗಳಿಗೆ ಸಿಗಲಿಲ್ಲ ಎಂಬುದೇ ನನ್ನ ಆಕ್ಷೇಪ.

ಹಾಗಾದರೆ ಮೇಲ್ಸೇತುವೆ ಕಟ್ಟಿಬಿಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೆಟ್ಟಿಲಿಲ್ಲದೆ ಬಸ್ಸು ಹತ್ತಿಸುವ ವ್ಯವಸ್ಥೆಯನ್ನು ಇಷ್ಟು ಖರ್ಚು ಮಾಡಿ ಕಟ್ಟಿ, ಆ ಬಸ್ಸನ್ನು ತಲುಪಲು ಎರಡು ಮಹಡಿಯಷ್ಟು ಮೆಟ್ಟಿಲು ಹತ್ತಿಳಿಯಿರಿ ಎಂದು ಕಿಮೋಥೆರಪಿ ಮುಗಿಸಿ ಬಂದವರಿಗೆ ಹೇಳುವುದು ಯಾವ ನ್ಯಾಯ? ಲಿಫ್ಟ್ ಹಾಕಿದರೂ ಅದು ಕೆಟ್ಟ ದಿನ ಗತಿಯೇನು? ವಾಹನಗಳನ್ನು ಕೆಲವು ಸೆಕೆಂಡು ನಿಲ್ಲಿಸುವುದು ಇದಕ್ಕಿಂತ ಎಷ್ಟೋ ಅಗ್ಗ. ಸಿಗ್ನಲ್ ಲೆಕ್ಕದಲ್ಲಿ ಪಾದಚಾರಿಯ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಹದಿನೈದು ಮೀಟರಿಗೆ ಹದಿಮೂರು ಸೆಕೆಂಡು ಸಾಕು. ನಿಧಾನವಾಗಿ, ಸೆಕೆಂಡಿಗೆ 0.8 ಮೀಟರಿನಂತೆ ನಡೆಯುವ ವೃದ್ಧರಿಗೆ ಹತ್ತೊಂಬತ್ತು. ಗುಂಡಿ ಒತ್ತಿದರೆ ದೀಪ ಬರುವ ಸಿಗ್ನಲ್, ಅದಕ್ಕೆ ಮುಂಚೆ ವೇಗ ತಗ್ಗಿಸುವಂತೆ ಎತ್ತರಿಸಿದ ದಾಟುಪಟ್ಟಿ, ಕೆಂಪು ದೀಪ ಮೀರಿದವರಿಗೆ ತಪ್ಪದ ದಂಡ: ಇವು ಬೇಕು. ಇದರಲ್ಲಿ ಹೊಸ ತಂತ್ರಜ್ಞಾನವೇನೂ ಇಲ್ಲ.

ಇನ್ನು, ಪಥ ಖಾಲಿ ಬಿದ್ದಿರುತ್ತದೆ ಎಂಬ ದೂರು. ಎರಡು ನಿಮಿಷಕ್ಕೊಂದು ಬಸ್ಸು, ಬಸ್ಸಿಗೆ ಅರವತ್ತು ಜನ ಎಂದಿಟ್ಟುಕೊಂಡರೆ ಗಂಟೆಗೆ ಒಂದು ದಿಕ್ಕಿನಲ್ಲಿ 1,800 ಜನ ಸಾಗುತ್ತಾರೆ. ಆದರೂ ಕಾರಿನಲ್ಲಿ ಕೂತವರ ಕಣ್ಣಿಗೆ ಆ ಪಥ ಬಹುಪಾಲು ಹೊತ್ತು ಖಾಲಿಯಾಗಿಯೇ ಕಾಣುತ್ತದೆ. ಕಣ್ಣಳತೆಯನ್ನು ನಂಬಿ ಪಥ ತೆಗೆಯುವುದು ತಪ್ಪು. ಆದರೆ ಬಸ್ಸು ಎರಡು ನಿಮಿಷಕ್ಕೆ ಬಾರದೆ ಹತ್ತು ನಿಮಿಷಕ್ಕೆ ಬಂದರೆ ಇದೇ ಲೆಕ್ಕ 360ಕ್ಕೆ ಇಳಿಯುತ್ತದೆ, ಆಗ ದೂರಿಗೆ ಬಲ ಬರುತ್ತದೆ. ಹಾಗಾಗಿ ಹಳತಾದ ಬಸ್ಸುಗಳನ್ನು ಬದಲಿಸದೆ ಪಥವನ್ನು ಮಾತ್ರ ಸಮರ್ಥಿಸಿಕೊಳ್ಳುವವರಿಗೂ ನನ್ನ ಬೆಂಬಲವಿಲ್ಲ. ಇದರ ಜೊತೆಗೆ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹವಾನಿಯಂತ್ರಿತ ಬಸ್ಸುಗಳು ಸೇರಿಲ್ಲ. ಸಾಮಾನ್ಯ ಬಸ್ಸಿನಲ್ಲಿ ಉಚಿತವಾಗಿ ಹೋಗಬಹುದಾದ ಹೆಣ್ಣುಮಗಳು, ಪ್ರಾಣ ಕೈಯಲ್ಲಿ ಹಿಡಿದು ರಸ್ತೆ ದಾಟಿ, ಮೇಲೆ ದುಡ್ಡೂ ಕೊಟ್ಟು ಚಿಗರಿ ಹತ್ತಲಿ ಎಂದು ನಿರೀಕ್ಷಿಸುವುದಾದರೂ ಹೇಗೆ?

ದೆಹಲಿಯಲ್ಲಿ 2008ರಲ್ಲಿ ಆರಂಭವಾದ ಬಿಆರ್‌ಟಿ ಮಾರ್ಗವನ್ನು 2016ರಲ್ಲಿ ಕಿತ್ತುಹಾಕಿದರು. 2009ರಲ್ಲಿ ಶುರುವಾದ ಅಹಮದಾಬಾದಿನ ಬಿಆರ್‌ಟಿ, ಜನಮಾರ್ಗ, ಇಂದಿಗೂ ಓಡುತ್ತಿದೆ. ಎರಡೂ ಊರುಗಳಲ್ಲಿ ನಿಲ್ದಾಣ ಇದ್ದದ್ದು ನಡುರಸ್ತೆಯಲ್ಲೇ. ಅಂದರೆ ನಿಲ್ದಾಣ ನಡುರಸ್ತೆಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಯೋಜನೆ ಸೋಲಬೇಕಿಲ್ಲ.

ಚಿಗರಿಯ ಬದಲು ವಿದ್ಯುತ್ ಚಾಲಿತ ಹೊಸ ಸಾರಿಗೆ ತರುವ ಮಾತೂ ಕೇಳಿಬಂದಿದೆ. ಬರಲಿ. ಅದೂ ಇದೇ ರಸ್ತೆಯ ನಡುವೆಯೇ ನಿಲ್ಲುವುದಾದರೆ ಜನ ಇದೇ ಪಟ್ಟಿಯನ್ನು ದಾಟಿಯೇ ಹತ್ತಬೇಕು. ಆದ್ದರಿಂದ ಪಾಲಿಕೆ, ಸಂಚಾರ ಪೊಲೀಸರು ಮತ್ತು ಬಿಆರ್‌ಟಿಎಸ್ ಕಂಪನಿ ಮೂವರೂ ಸೇರಿ, ಮುಂದಿನ ಯೋಜನೆಗೆ ಸಹಿ ಹಾಕುವ ಮುನ್ನ ಒಂದೊಂದು ನಿಲ್ದಾಣದಲ್ಲೂ ಬೆಳಿಗ್ಗೆ ಮತ್ತು ಸಂಜೆ ನಿಂತು, ಪ್ರಯಾಣಿಕರು ದಾಟಲು ಎಷ್ಟು ಹೊತ್ತು ಕಾಯುತ್ತಾರೆ ಎಂದು ಅಳೆದು, ಆ ಅಂಕಿಗಳನ್ನು ಜನರ ಮುಂದಿಡಬೇಕು. ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ ಇದೊಂದನ್ನು ಕೇಳಿ: ನಮ್ಮ ನಿಲ್ದಾಣದ ಸಿಗ್ನಲ್‌ನಲ್ಲಿ ಪಾದಚಾರಿಗೆ ಎಷ್ಟು ಸೆಕೆಂಡು ಕೊಟ್ಟಿದ್ದೀರಿ?