ಹೈಬ್ರಿಡ್ ಕಾರೋ, ಎಲೆಕ್ಟ್ರಿಕ್ ಕಾರೋ? ಹುಬ್ಬಳ್ಳಿ–ಧಾರವಾಡದವರ ಲೆಕ್ಕ

[ದೃಶ್ಯ: ರಾತ್ರಿ, ವಿದ್ಯಾನಗರದ ಒಂದು ಮನೆ. ಕಾಂಪೌಂಡಿನೊಳಗೆ ನಿಂತ ಕಾರು, ಗೋಡೆಯ ಪ್ಲಗ್‌ನಿಂದ ಎಳೆದ ಕೇಬಲ್.]

ನಮಸ್ಕಾರ. ಹೊಸ ಕಾರು ಕೊಳ್ಳಲು ಹೊರಟವರು, ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ, ಮೋಟಾರೂ ಇರುವ ಹೈಬ್ರಿಡ್ ಒಳ್ಳೆಯದೋ ಎಲೆಕ್ಟ್ರಿಕ್ ಒಳ್ಳೆಯದೋ ಎಂದು ಕೇಳುತ್ತಾರೆ. ನಾನು ಮರಳಿ ಕೇಳುತ್ತೇನೆ: ರಾತ್ರಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆ?

ಮನೆಯ ಕಾಂಪೌಂಡಿನಲ್ಲಿ ನಿಲ್ಲುವುದಾದರೆ ಲೆಕ್ಕ ಸುಲಭ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ದಿನಾ ಹೋಗಿಬರುವವರಿಗೆ ಊರೊಳಗಿನ ಓಡಾಟವೂ ಸೇರಿ 50 ಎನ್ನೋಣ. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್ ಕರೆಂಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಎಂಟು ಯೂನಿಟ್ ಸಾಕು. 15 ಆಂಪಿಯರ್ ಪ್ಲಗ್‌ಗೆ ಹಾಕಿದರೆ ಮೂರು ತಾಸಿನ ಕೆಲಸ. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 56 ರೂಪಾಯಿ. ಅದೇ ದೂರಕ್ಕೆ, ಲೀಟರ್‌ಗೆ 20 ಕಿಲೋಮೀಟರ್ ಕೊಡುವ ಹೈಬ್ರಿಡ್‌ಗೆ ಎರಡೂವರೆ ಲೀಟರ್ ಪೆಟ್ರೋಲ್ ಬೇಕು. ಲೀಟರ್‌ಗೆ ನೂರು ಎಂದರೂ 250 ರೂಪಾಯಿ.

ಹಾಗೆಂದು ಹಳೆಯ ಪ್ಲಗ್‌ಗೆ ಸಿಕ್ಕಿಸಿಬಿಡಬೇಡಿ. ತಾಸುಗಟ್ಟಲೆ ಹರಿಯುವ ಕರೆಂಟಿಗೆ ಸಡಿಲ ಪ್ಲಗ್ ಕಾಯ್ದು ಕರಗುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರು ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಷೋರೂಮಿಗೆ ಹೋಗುವ ಮುನ್ನ ಎಲೆಕ್ಟ್ರಿಷಿಯನ್‌ಗೆ ಮೀಟರ್ ಬೋರ್ಡ್ ತೋರಿಸಿ.

[ದೃಶ್ಯ: ಉಣಕಲ್ ಬಳಿಯ ಸಿಗ್ನಲ್.]

ಈಗ ಹೈಬ್ರಿಡ್. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಆರಿರುತ್ತದೆ. ಹಸಿರು ಬಿದ್ದೊಡನೆ ಕಾರು ಸದ್ದಿಲ್ಲದೆ ಬ್ಯಾಟರಿಯಲ್ಲಿ ಮುಂದೆ ಸರಿಯುತ್ತದೆ; ವೇಗ ಏರಿದಾಗ ಅಂಗಾಲಿಗೆ ಸಣ್ಣ ನಡುಕ ತಾಕುತ್ತದೆ, ಎಂಜಿನ್ ಎದ್ದಿತು ಎಂದರ್ಥ. ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಹೈಬ್ರಿಡ್ ಮಾದರಿಯ ಬ್ಯಾಟರಿಯಲ್ಲಿ ಒಂದು ಯೂನಿಟ್ ಕೂಡ ಹಿಡಿಸುವುದಿಲ್ಲ. 2020ರಲ್ಲಿ ಬಂದ ನೆಕ್ಸಾನ್ ಎಲೆಕ್ಟ್ರಿಕ್‌ನದು 30.2 ಯೂನಿಟ್.

ಈ ಅಂತರ ಅರಬೈಲು ಘಾಟಿಯಲ್ಲಿ ಕಣ್ಣಿಗೆ ಕಾಣುತ್ತದೆ. ಯಲ್ಲಾಪುರ ದಾಟಿ ಅಂಕೋಲೆಯ ಕಡೆಗೆ ಇಳಿಯುವಾಗ ಎರಡೂ ಕಾರುಗಳ ಮೋಟಾರು ಚಕ್ರದ ಓಟವನ್ನೇ ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ಒಂದೂವರೆ ಟನ್ನಿನ ಕಾರು 100 ಮೀಟರ್ ಕೆಳಗಿಳಿದರೆ ಸುಮಾರು 0.4 ಯೂನಿಟ್‌ನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿಗೆ, ಟೈರಿಗೆ ಒಂದಿಷ್ಟು ಹೋದರೂ, ಉದ್ದ ಇಳಿಜಾರಿನಲ್ಲಿ ಹೈಬ್ರಿಡ್‌ನ ಪುಟ್ಟ ಬ್ಯಾಟರಿ ಬೇಗ ತುಂಬುತ್ತದೆ, ಉಳಿದದ್ದು ವ್ಯರ್ಥ. ಎಲೆಕ್ಟ್ರಿಕ್ ಕಾರಿನಲ್ಲಿ ಮಾತ್ರ ಇಳಿಯುತ್ತಿದ್ದಂತೆ ಪರದೆಯ ಮೇಲಿನ ಅಂಕಿ ಏರುತ್ತಲೇ ಇರುತ್ತದೆ. ಆ ಅಂಕಿ ನೋಡುವುದು ನನಗೆ ಇಂದಿಗೂ ಖುಷಿ.

ಬೆಂಗಳೂರಿನ ದಾರಿಯಲ್ಲಿ ಆ ಖುಷಿ ಕರಗುತ್ತದೆ. 400 ಕಿಲೋಮೀಟರ್ ಮೀರಿದ ಹಾದಿ. ಒಮ್ಮೆ ಹಾವೇರಿ ದಾಟಿ ಹೆದ್ದಾರಿ ಪಕ್ಕದ ಚಾರ್ಜರ್ ಬಳಿ ನಿಂತೆವು. ಮೊಬೈಲಿನಲ್ಲಿ ಚಾರ್ಜರ್ ಸರಿಯಿದೆ ಎಂಬ ಹಸಿರು ಗುರುತು, ಎದುರಿಗೆ ಕೆಟ್ಟು ನಿಂತ ಚಾರ್ಜರಿನ ಕಪ್ಪು ಪರದೆ. ಹಿಂದಿನ ಸೀಟಿನಲ್ಲಿ ಅಮ್ಮ, ಬ್ಯಾಟರಿ ನೂರಕ್ಕೆ 14. ಎ.ಸಿ. ಆರಿಸಿ, ಗಂಟೆಗೆ 50ರ ವೇಗದಲ್ಲಿ ಮುಂದಿನ ಚಾರ್ಜರ್ ಹುಡುಕಿಕೊಂಡು ಹೋದೆವು. ವಯಸ್ಸಾದವರನ್ನು ಕರೆದುಕೊಂಡು ಮೇಲಿಂದ ಮೇಲೆ ದೂರ ಹೋಗುವವರಿಗೆ ನಾನು ಹೈಬ್ರಿಡ್ಡನ್ನೇ ಹೇಳುತ್ತೇನೆ.

ಜನಪ್ರಿಯತೆಯ ಮಾತಿಗೆ ಬಂದರೆ, ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಪ್ರತಿ 100 ಹೊಸ ಕಾರುಗಳಲ್ಲಿ 88ಕ್ಕೂ ಹೆಚ್ಚು ಎಲೆಕ್ಟ್ರಿಕ್. ಆ ವರ್ಷ ನಮ್ಮ ದೇಶದಲ್ಲಿ ಮೂರೂ ಇರಲಿಲ್ಲ. ತೆರಿಗೆ ಎಲೆಕ್ಟ್ರಿಕ್ ಕಡೆಗಿದೆ: ಅದಕ್ಕೆ ಜಿಎಸ್‌ಟಿ ನೂರಕ್ಕೆ 5, 1.5 ಲೀಟರ್ ಎಂಜಿನ್ನಿನ ಹೈಬ್ರಿಡ್‌ಗೆ, 2025ರ ಸೆಪ್ಟೆಂಬರ್ 22ರ ಇಳಿಕೆಯ ನಂತರವೂ, 40. ಹಾಗೆಯೇ, ‘ಸ್ಮಾರ್ಟ್ ಹೈಬ್ರಿಡ್’ ಎಂಬ ಹೆಸರಿಗೆ ಮರುಳಾಗಬೇಡಿ. ಅಲ್ಲಿ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೇ, ಕಾರನ್ನು ತಾನೊಂದೇ ಎಳೆಯುವುದಿಲ್ಲ.

ಬಾಡಿಗೆ ಮನೆಯವರಿಗೂ ಎಲೆಕ್ಟ್ರಿಕ್ ಆಗದೆಂದಿಲ್ಲ. ಪಾರ್ಕಿಂಗ್ ಜಾಗದ ಪ್ಲಗ್‌ಗೆ ಬೇರೆ ಸಬ್‌ಮೀಟರ್ ಹಾಕಿಸುತ್ತೇನೆ, ಓಡಿದ ಯೂನಿಟ್‌ನ ಹಣ ತಿಂಗಳು ತಿಂಗಳು ಕೊಡುತ್ತೇನೆ ಎಂದು ಮಾಲೀಕರ ಹತ್ತಿರ ಮಾತಾಡಿ. ಒಪ್ಪಿದರೆ ಆಮೇಲೆ ಕಾರಿಗೆ ಮುಂಗಡ ಕೊಡಿ.