ಗೋಡೆ ಮೇಲಿನ ಪೆನ್ಸಿಲ್ ಗೀಟು

ಎಲ್ರಿಗೂ ನಮಸ್ಕಾರ. ಎಡಿಎಚ್‌ಡಿಗೆ (ಗಮನ ನಿಲ್ಲದ, ಸುಮ್ನೆ ಕೂರೋಕಾಗದ ತೊಂದ್ರೆಗೆ) ಮಾತ್ರೆ ತಗೊಳ್ಳೋ ಮಕ್ಕಳಿರೋ ಮನೇಲಿ ಇದು ಮಾಮೂಲು, ಸ್ಕೂಲಿಂದ ಊಟದ ಡಬ್ಬಿ ಕಳಿಸಿದ್ದು ಕಳಿಸಿದ ಹಾಗೇ ವಾಪಸ್ ಬರುತ್ತೆ, ರಾತ್ರಿ ಎಲ್ರೂ ಮಲಗೋ ಹೊತ್ತಿಗೆ ಅದೇ ಮಗು ಹಸಿವು ಅಂತ ಅಡಿಗೆಮನೆ ಬಾಗಿಲಲ್ಲಿ ನಿಂತಿರುತ್ತೆ. ಬೈಬೇಡಿ, ಅದು ಹಟ ಅಲ್ಲ, ಮಾತ್ರೆ ಮಾಡೋ ಕೆಲಸ. ಮೀಥೈಲ್‌ಫೆನಿಡೇಟ್ ಆಗ್ಲಿ ಆಂಫೆಟಮೈನ್ ಜಾತಿದಾಗ್ಲಿ, ಈ ಮಾತ್ರೆ ಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಏರಿಸುತ್ತೆ, ಗಮನ ಒಂದ್ಕಡೆ ನಿಲ್ಲುತ್ತೆ, ಜೊತೆಗೆ ಹಸಿವೂ ಅಡಗುತ್ತೆ. ಸಂಜೆ ಮಾತ್ರೆ ಪ್ರಭಾವ ಇಳೀತಿದ್ದ ಹಾಗೆ ಹಸಿವು ಎದ್ದು ಕೂರುತ್ತೆ.

ಹಾಗಾದ್ರೆ ಮಗು ಕುಳ್ಳ ಆಗ್ಬಿಡುತ್ತಾ? ಈ ಅನುಮಾನ 1972ರಿಂದ್ಲೂ ಇದೆ. ಅಮೆರಿಕದಲ್ಲಿ ಎಂಟಿಎ ಅಂತ ದೊಡ್ಡ ಅಧ್ಯಯನ ಮಾಡಿದ್ರು, ಏಳರಿಂದ ಒಂಬತ್ತು ವರ್ಷದ 579 ಮಕ್ಕಳು. ಹೊಸದಾಗಿ ಮಾತ್ರೆ ಶುರುಮಾಡಿ ಬಿಡದೆ ತಗೊಂಡವ್ರು ಮೂರು ವರ್ಷ ಆಗೋ ಹೊತ್ತಿಗೆ, ಮಾತ್ರೆ ತಗೊಳ್ಳದವರಿಗಿಂತ ಸುಮಾರು 2 ಸೆಂಟಿಮೀಟರ್ ಎತ್ತರ, 2.7 ಕೆಜಿ ತೂಕ ಹಿಂದೆ ಬಿದ್ದಿದ್ರು. ಬೆಳವಣಿಗೆ ನಿಂತಿತ್ತು ಅಂತಲ್ಲ, ನಿಧಾನ ಆಗಿತ್ತು. ಅದೇ ಮಕ್ಕಳು ದೊಡ್ಡವರಾದ್ಮೇಲೆ ಮತ್ತೆ ಅಳೆದ್ರು, 2017ರಲ್ಲಿ ಲೆಕ್ಕ ಬಂತು, ಮಾತ್ರೆ ತಗೊಂಡವ್ರು, ಬಿಡದೆ ತಗೊಂಡವ್ರೂ ನಡುನಡುವೆ ಬಿಟ್ಟವ್ರೂ ಸೇರಿ, ಹೆಚ್ಚುಕಮ್ಮಿ ತಗೊಳ್ಳದೇ ಇದ್ದವರಿಗಿಂತ ಸರಾಸರಿ 2.55 ಸೆಂಟಿಮೀಟರ್ ಕಡಿಮೆ. ಅಂದ್ರೆ ಒಂದು ಬೆರಳಗಲಕ್ಕಿಂತ ಸ್ವಲ್ಪ ಜಾಸ್ತಿ. ಏನೂ ಆಗಲ್ಲ ಅನ್ನೋರೂ ಇದನ್ನ ನೋಡ್ಬೇಕು, ವಿಷ ಕೊಡ್ತಿದೀರಾ ಅಂತ ತಾಯಂದಿರನ್ನ ಹೆದರಿಸೋ ನೆಂಟ್ರೂ ನೋಡ್ಬೇಕು. ಕ್ಲಾಸಲ್ಲಿ ಕೂರೋಕೇ ಆಗ್ದಿದ್ದ ಮಗು ಒಂದು ಪುಟ ಪೂರ್ತಿ ಓದೋದು ದೊಡ್ಡದಾ, ಬೆರಳಗಲ ದೊಡ್ಡದಾ, ಅದು ಆಯಾ ಮನೆಯವರು ಡಾಕ್ಟ್ರ ಜೊತೆ ಕೂತು ತೂಗಿ ನೋಡೋ ವಿಷ್ಯ.

ತಿಂಡಿ ಮೊದ್ಲು, ಮಾತ್ರೆ ಆಮೇಲೆ. ರಾತ್ರಿ ಹಸಿವು ಅಂದಾಗ ಹೊಟ್ಟೆತುಂಬ ಕೊಡಿ, ಹೊತ್ತಾಯ್ತು ಅನ್ಬೇಡಿ. ರಜೆಯಲ್ಲಿ ಮಾತ್ರೆ ಬಿಡ್ಬೋದಾ ಅಂತ ತುಂಬ ಜನ ಕೇಳ್ತಾರೆ, ಕೆಲವು ಮಕ್ಕಳಿಗೆ ಡಾಕ್ಟ್ರೇ ಹಾಗೆ ಹೇಳ್ತಾರೆ, ಆದ್ರೆ ನೀವೇ ತೀರ್ಮಾನ ಮಾಡ್ಬೇಡಿ.

ಮಾತ್ರೆ ಶುರು ಮಾಡೋಕೆ ಮುಂಚೇನೇ ಎತ್ತರ ತೂಕ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ಮುಂದೆ ಯಾವ್ದಕ್ಕೆ ಹೋಲಿಸ್ತೀರ? ಹತ್ತು ವರ್ಷದೊಳಗಿನ ಮಕ್ಕಳಿಗೆ ತೂಕ ಮೂರು ತಿಂಗಳಿಗೊಮ್ಮೆ, ಎತ್ತರ ಆರು ತಿಂಗಳಿಗೊಮ್ಮೆ. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ಗಟ್ಟಿ ಪುಸ್ತಕ ಒತ್ತಿ ಪೆನ್ಸಿಲ್ಲಲ್ಲಿ ಗೀಟು ಹಾಕಿ, ಪಕ್ಕದಲ್ಲಿ ತಾರೀಕು. ಬೆಳವಣಿಗೆ ಚಾರ್ಟಲ್ಲಿ (ವಯಸ್ಸಿಗೆ ತಕ್ಕ ಎತ್ತರ ತೂಕದ ಗೆರೆಗಳಿರೋ ಹಾಳೆ) ಮಗು ತನ್ನ ಗೆರೆ ಬಿಟ್ಟು ಕೆಳಗಿನ ಗೆರೆಗೆ ಜಾರ್ತಿದ್ರೆ ಡೋಸ್ ಬಗ್ಗೆ ಮಾತಾಡೋ ಟೈಮ್ ಬಂತು ಅಂತ. ಅಳೆಯೋದು ಮಾತ್ರ ಪ್ರತಿ ಸಲ ಒಂದೇ ಹೊತ್ತಲ್ಲಿ ಅಳೀರಿ, ಬೆಳಿಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಉದ್ದ ಇರ್ತೀವಿ, ಹೋದ ಸಲ ಬೆಳಿಗ್ಗೆ ಅಳೆದು ಈ ಸಲ ಸಂಜೆ ಅಳೆದು, ಅಯ್ಯೋ ಮಗು ಕುಗ್ಗಿಹೋಯ್ತು ಅಂತ ಗಾಬರಿ ಬೀಳ್ಬೇಡಿ. ನಮಸ್ಕಾರ.